ಒಬ್ಬಳ ಸಾಕ್ಷ್ಯ ಸಾಕೇ? ಅತ್ಯಾಚಾರ ಪ್ರಕರಣಗಳಲ್ಲಿ ಪುರಾವೆಯ ಪಾಠ

ಈ ಪಾಠ ಓದುವಾಗ ಸುಮ್ನೆ ಕಲಂ ಸಂಖ್ಯೆ ಬಾಯಿಪಾಠ ಮಾಡಬೇಡಿ. ಮೊದಲು ಒಂದು ತೀರ್ಪು ಪೂರ್ತಿ ಓದಿ: ಪಂಜಾಬ್ ರಾಜ್ಯ ವಿರುದ್ಧ ಗುರ್ಮಿತ್ ಸಿಂಗ್, ಸುಪ್ರೀಂ ಕೋರ್ಟ್, 1996.

ಘಟನೆ ನಡೆದದ್ದು 1984ರಲ್ಲಿ. ಹತ್ತನೇ ತರಗತಿ ಪರೀಕ್ಷೆ ಬರೆಯುತ್ತಿದ್ದ ಹುಡುಗಿಯನ್ನು ಕಾರಿನಲ್ಲಿ ಎತ್ತಿಕೊಂಡು ಹೋಗಿ ಅತ್ಯಾಚಾರ ಮಾಡಿ, ಮರುದಿನ ಬೆಳಿಗ್ಗೆ ಬಿಟ್ಟು ಹೋದರು. ಆಕೆ ಅವತ್ತಿನ ಪರೀಕ್ಷೆಯನ್ನೂ ಬರೆದು, ಮನೆಗೆ ಬಂದು ತಾಯಿಗೆ ಹೇಳಿದಳು. ವಿಚಾರಣಾ ನ್ಯಾಯಾಲಯ ನಂಬಲಿಲ್ಲ. ಕೊಟ್ಟ ಕಾರಣಗಳನ್ನು ನೋಡಿ. ಕಾರು ಫಿಯೆಟ್ಟೋ ಅಂಬಾಸಿಡರೋ ಹೇಳಲು ಆಕೆಗೆ ಬರಲಿಲ್ಲ. ಬಸ್ ನಿಲ್ದಾಣದ ಬಳಿ ಕೂಗಿಕೊಳ್ಳಲಿಲ್ಲ. ಟೀಚರ್‌ಗೆ, ಗೆಳತಿಯರಿಗೆ ಹೇಳಲಿಲ್ಲ. ದೂರು ತಡವಾಯಿತು. ನಡತೆಯ ಬಗ್ಗೆಯೂ ಕೆಟ್ಟ ಮಾತು ಬರೆದು ಆರೋಪಿಗಳನ್ನು ಖುಲಾಸೆ ಮಾಡಿತು.

ಇವುಗಳಲ್ಲಿ ಯಾವುದಾದರೂ ಘಟನೆ ನಡೆದಿಲ್ಲ ಅನ್ನೋದಕ್ಕೆ ಪುರಾವೆಯೇ? ಹಳ್ಳಿಯ ಹುಡುಗಿಗೆ ಕಾರಿನ ಕಂಪನಿ ಗೊತ್ತಿಲ್ಲದಿದ್ದರೆ ಅದರಿಂದ ಏನೂ ಸಾಬೀತಾಗೋದಿಲ್ಲ. ತಡವಾಗಿದ್ದಕ್ಕೂ ಕಾರಣ ದಾಖಲೆಯಲ್ಲೇ ಇತ್ತು: ಮನೆಯವರು ಮೊದಲು ಪಂಚಾಯಿತಿಗೆ ಹೋಗಿದ್ದರು. ಸುಪ್ರೀಂ ಕೋರ್ಟ್ ಖುಲಾಸೆಯನ್ನು ರದ್ದು ಮಾಡಿ ಶಿಕ್ಷೆ ಕೊಟ್ಟಿತು. ಸಂತ್ರಸ್ತೆಯ ಸಾಕ್ಷ್ಯ ನಂಬಿಕೆಗೆ ಅರ್ಹವಾಗಿದ್ದರೆ ಅದೊಂದೇ ಸಾಕು, ಬೇರೆ ಪೂರಕ ಸಾಕ್ಷ್ಯ ಇರಲೇಬೇಕು ಅಂತಿಲ್ಲ ಎಂದಿತು.

ಹಾಗಂದ್ರೆ ಆಕೆ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕು ಅಂತಲ್ಲ. ಪಾಟೀ ಸವಾಲು ಆರೋಪಿಯ ಹಕ್ಕು. ಸಂಶಯಾತೀತವಾಗಿ ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್‌ನದ್ದೇ. 2012ರ ರಾಯ್ ಸಂದೀಪ್ ಪ್ರಕರಣದಲ್ಲಿ ಹೇಳಿಕೆಗಳು ಒಂದಕ್ಕೊಂದು ಹೊಂದಲಿಲ್ಲ, ಆರೋಪಿಗಳು ಬಿಡುಗಡೆಯಾದರು. ಎರಡೂ ತೀರ್ಪು ಜೊತೆಗಿಟ್ಟು ಓದಿದರೆ ಅಳತೆಗೋಲು ಒಂದೇ ಅಂತ ಕಾಣುತ್ತೆ: ಮಾತನ್ನು ಪರೀಕ್ಷಿಸಿ, ನಡತೆಯನ್ನಲ್ಲ.

ಈಗ ಜಾಸ್ತಿ ಜನ ಎಡವುವ ಜಾಗ. ಒಪ್ಪಿಗೆ ಇರಲಿಲ್ಲ ಎಂಬ ಆಕೆಯ ಮಾತನ್ನು ಕೆಲವು ಪ್ರಕರಣಗಳಲ್ಲಿ ಕೋರ್ಟು ನಿಜವೆಂದು ಭಾವಿಸಬೇಕು ಎನ್ನುವ, ಸಾಕ್ಷ್ಯ ಕಾಯ್ದೆಯ 114ಎ ಕಲಂ ಹುಟ್ಟಿದ್ದು ಮಹಾರಾಷ್ಟ್ರದ ಪ್ರಕರಣವೊಂದರಿಂದ. 1972ರಲ್ಲಿ ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರ ಎಂಬ ಆರೋಪ. ಭಯಕ್ಕೆ ಸುಮ್ಮನಿರುವುದು ಒಪ್ಪಿಗೆಯಲ್ಲ ಎಂದು ಹೈಕೋರ್ಟ್ ಶಿಕ್ಷೆ ಕೊಟ್ಟಿತ್ತು. ಮೈಮೇಲೆ ಗಾಯವಿಲ್ಲ ಎಂಬ ಅಂಶಕ್ಕೆ ಒತ್ತು ಕೊಟ್ಟು ಸುಪ್ರೀಂ ಕೋರ್ಟ್ 1978ರಲ್ಲಿ ಪೊಲೀಸರನ್ನು ಬಿಟ್ಟಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಚಳವಳಿ ಬೆಳೆಯಿತು, 1983ರಲ್ಲಿ 114ಎ ಸೇರಿಸಿದ ತಿದ್ದುಪಡಿ ಬಂತು.

114ಎ ಎಲ್ಲ ಪ್ರಕರಣಕ್ಕೂ ಅನ್ವಯಿಸಲ್ಲ. ಪೊಲೀಸ್, ಜೈಲು ಸಿಬ್ಬಂದಿ, ಆಸ್ಪತ್ರೆ ಸಿಬ್ಬಂದಿಯಂಥವರು ಆರೋಪಿಗಳಾಗಿರುವ ಪ್ರಕರಣಗಳೂ ಸೇರಿದಂತೆ, ಕಾನೂನು ಹೆಸರಿಸಿರುವ ಗಂಭೀರ ಪ್ರಕರಣಗಳಿಗೆ ಮಾತ್ರ. ಅಲ್ಲೂ ಲೈಂಗಿಕ ಸಂಪರ್ಕ ಮೊದಲು ಸಾಬೀತಾಗಬೇಕು. ಆಮೇಲೆ, ಒಪ್ಪಿಗೆ ಇರಲಿಲ್ಲ ಎಂದು ಆಕೆ ಕೋರ್ಟಿನಲ್ಲಿ ಹೇಳಿದರೆ, ಕೋರ್ಟು ಹಾಗೆಂದೇ ಭಾವಿಸಬೇಕು. ಅದನ್ನು ಅಲ್ಲಗಳೆಯಲು ಆರೋಪಿಗೆ ಅವಕಾಶ ಇದ್ದೇ ಇದೆ.

ಹಳೆಯ ಲೈಂಗಿಕ ಸಂಬಂಧಗಳ ವಿಷಯ ಒಪ್ಪಿಗೆಯ ಪ್ರಶ್ನೆಗೆ ಪ್ರಸ್ತುತವಲ್ಲ ಎಂದು 2013ರಲ್ಲಿ ಸಾಕ್ಷ್ಯ ಕಾಯ್ದೆಗೆ ಸೇರಿದ 53ಎ ಕಲಂ ಹೇಳುತ್ತದೆ. ಎರಡು ಬೆರಳಿನ ಪರೀಕ್ಷೆ (ಆಕೆಗೆ ಲೈಂಗಿಕ ಅನುಭವ ಇದೆಯೇ ಎಂದು ಬೆರಳಿನಿಂದ ನೋಡುವ ತಪಾಸಣೆ) ಮಾಡಿದರೆ ದುರ್ನಡತೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿತು. ಆದರೂ ಹಳೇ ಮನೋಭಾವ ಪೂರ್ತಿ ಹೋಗಿಲ್ಲ. 2020ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನಿರೀಕ್ಷಣಾ ಜಾಮೀನು ಆದೇಶವೊಂದರಲ್ಲಿ, ಘಟನೆಯ ನಂತರ ಸುಸ್ತಾಗಿ ಮಲಗಿದೆ ಎಂಬ ದೂರುದಾರಳ ಮಾತು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ ಎಂಬ ಸಾಲು ಇತ್ತು. ಟೀಕೆ ಬಂದ ಮೇಲೆ ಆ ಸಾಲನ್ನು ತೆಗೆದರು. ಗುರ್ಮಿತ್ ಸಿಂಗ್ ತೀರ್ಪು ಬಂದು ಅಷ್ಟೊತ್ತಿಗೆ 24 ವರ್ಷ!

ಕಲಂಗಳು ಬದಲಾಗಿವೆ, ಗುರುತು ಹಾಕಿಕೊಳ್ಳಿ. ಹಳೆಯ ಸಾಕ್ಷ್ಯ ಕಾಯ್ದೆಯ ಬದಲು ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 114ಎ ಈಗ 120, 53ಎ ಈಗ 48. ಜಾರಿಯಾದದ್ದು 2024ರ ಜುಲೈ 1ರಿಂದ. ಅದಕ್ಕೂ ಮೊದಲೇ ನಡೆಯುತ್ತಿದ್ದ ವಿಚಾರಣೆಗಳಿಗೆ ಹಳೆಯ ಕಾಯ್ದೆಯೇ ಅನ್ವಯ.