ವಿಸ್ಟ್: ಮೌನ, ಶಿಳ್ಳೆ ಮತ್ತು ಇಸ್ಪೀಟು

ಹಳೆಯ ಇಂಗ್ಲಿಷಿನಲ್ಲಿ ‘ವಿಸ್ಟ್’ ಎಂದರೆ ಮೌನ, ಅದರಿಂದಲೇ ಶಿಳ್ಳೆ ಎಂಬ ಅರ್ಥದ ‘ವಿಸಲ್’ ಹುಟ್ಟಿತು, ಮಾತಿಲ್ಲದೆ ಆಡುವ ಕಾರಣಕ್ಕೆ ಇಸ್ಪೀಟಾಟವೊಂದಕ್ಕೂ ಅದೇ ಹೆಸರು ಬಂತು ಎಂಬ ವಿವರಣೆ ಪದಗಳ ಮೂಲ ಹೇಳುವ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಳೆದ ವಾರ ಇನ್ನೊಮ್ಮೆ ಕಂಡಿತು. ಇದರಲ್ಲಿರುವ ಮೂರು ಮಾತುಗಳಲ್ಲಿ ಒಂದೂ ಹೇಳಿದ ರೂಪದಲ್ಲಿ ನಿಲ್ಲುವುದಿಲ್ಲ.

ಕುಮಾರವ್ಯಾಸನ ಭಾಷೆಯನ್ನು ಯಾರಾದರೂ ಹಳಗನ್ನಡ ಎಂದರೆ ನಾವು ತಕ್ಷಣ ತಿದ್ದುತ್ತೇವೆ. ಶೇಕ್ಸ್‌ಪಿಯರನ ಭಾಷೆಯನ್ನು ‘ಓಲ್ಡ್ ಇಂಗ್ಲಿಷ್’ ಎಂದಾಗ ಮಾತ್ರ ಸುಮ್ಮನಿರುತ್ತೇವೆ. ಆ ಹೆಸರು ಸಲ್ಲುವುದು ಸುಮಾರು ಕ್ರಿ.ಶ. 1100ರವರೆಗಿನ ಭಾಷೆಗೆ. ಶಿಳ್ಳೆ ಹಾಕುವುದಕ್ಕೆ ಆ ಕಾಲದಲ್ಲೇ ‘ಹ್ವಿಸ್ಟ್ಲಿಯನ್’ ಎಂಬ ಕ್ರಿಯಾಪದವಿತ್ತು, ಕೊಳಲಿನಂಥ ಊದುವಾದ್ಯಕ್ಕೆ ‘ಹ್ವಿಸ್ಟ್ಲೆ’ ಎಂಬ ನಾಮಪದವಿತ್ತು. ಸುಮ್ಮನಿರಿಸುವ ‘ವಿಸ್ಟ್’ ಬರವಣಿಗೆಯಲ್ಲಿ ಕಾಣಿಸಿಕೊಳ್ಳುವುದು ಹದಿನಾಲ್ಕನೆಯ ಶತಮಾನದಲ್ಲಿ. ತಾಯಿ ಎನಿಸಿಕೊಂಡವಳಿಗಿಂತ ಮಗಳೇ ಕೆಲವು ಶತಮಾನ ದೊಡ್ಡವಳು ಎಂದಮೇಲೆ ಆ ವಂಶಾವಳಿಯನ್ನು ಪಕ್ಕಕ್ಕಿಡುವುದೇ ಸರಿ.

ಎರಡೂ ಪದಗಳು ಒಂದನ್ನೊಂದು ಹೋಲುವುದಕ್ಕೆ ಕಾರಣ ರಕ್ತಸಂಬಂಧವಲ್ಲ, ಉಸಿರು. ನಮ್ಮ ವ್ಯಾಕರಣ ಅನುಕರಣಾವ್ಯಯ ಎಂದು ಕರೆಯುವ ಜಾತಿಯ ಪದಗಳಿವು. ಹಲ್ಲು ತುಟಿಗಳ ನಡುವೆ ಗಾಳಿ ನುಸುಳುವ ಸದ್ದನ್ನು ಹಿಡಿಯಲು ಹೊರಟರೆ ಕನ್ನಡದಲ್ಲಿ ‘ಸಿಳ್ಳು’, ‘ಪಿಸುಪಿಸು’, ‘ಶ್’ ಆಗುವಂತೆ ಅಲ್ಲಿ ‘ವಿಸಲ್’, ‘ವಿಸ್ಪರ್’, ‘ವಿಸ್ಟ್’ ಆಗಿವೆ. ಪಿಸುಗುಡುವ ‘ವಿಸ್ಪರ್’ ಕೂಡ ‘ಹ್ವಿಸ್ಪ್ರಿಯನ್’ ಎಂಬ ರೂಪದಲ್ಲಿ ನಿಜವಾದ ಹಳೆಯ ಇಂಗ್ಲಿಷಿನದೇ. ಸ್ಕ್ಯಾಂಡಿನೇವಿಯದ ಪ್ರಾಚೀನ ನಾರ್ಸ್ ಭಾಷೆಯಲ್ಲಂತೂ ‘ವಿಸಲ್’ನ ದಾಯಾದಿಯಾದ ‘ಹ್ವೀಸ್ಲ’ ಎಂಬುದಕ್ಕೆ ಪಿಸುಗುಡು ಎಂದೇ ಅರ್ಥ. ಶಿಳ್ಳೆಗೂ ಪಿಸುಮಾತಿಗೂ ನಡುವಿನ ಗೋಡೆ ಅಷ್ಟು ತೆಳು. ಅಂದಹಾಗೆ, ‘ವಿಸಲ್’ನ ಕಾಗುಣಿತದಲ್ಲಿ ಇಂದಿಗೂ ಕೂತಿರುವ ಟಕಾರವನ್ನು ಒಂದು ಕಾಲಕ್ಕೆ ಉಚ್ಚರಿಸುತ್ತಿದ್ದರು. ಆ ಪದದಲ್ಲಿ ಮೌನವನ್ನು ಹುಡುಕಲೇಬೇಕೆನ್ನುವವರಿಗೆ ಅದೊಂದು ಅಕ್ಷರ ಸಿಕ್ಕೀತು.

‘ವಿಸ್ಟ್’ ಮೊದಲಿಗೆ ನಮ್ಮ ‘ಶ್!’ ಇದ್ದ ಹಾಗೆ ಬರಿಯ ಉದ್ಗಾರ. ಆಮೇಲೆ ಗುಣವಾಚಕವಾಗಿಯೂ ಕ್ರಿಯಾಪದವಾಗಿಯೂ ಬೆಳೆಯಿತು. ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದಲ್ಲಿ ಏರಿಯಲ್ ಹಾಡುವಾಗ ಭೋರ್ಗರೆವ ಅಲೆಗಳು ‘ವಿಸ್ಟ್’ ಆಗುತ್ತವೆ, ಅಂದರೆ ಅಡಗುತ್ತವೆ. ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಮನೆಗಳಲ್ಲಿ ಗಲಾಟೆ ಮಾಡುವ ಮಕ್ಕಳಿಗೆ ‘ವಿಶ್ಟ್’ ಎನ್ನುವುದು ಇಂದಿಗೂ ರೂಢಿಯಲ್ಲಿದೆ.

ಇನ್ನು ಇಸ್ಪೀಟು. ಇಬ್ಬಿಬ್ಬರ ಎರಡು ಜೋಡಿ, ಐವತ್ತೆರಡು ಎಲೆ, ತಲೆಗೆ ಹದಿಮೂರು, ಕೊನೆಗೆ ಹಂಚಿದ ಎಲೆಯನ್ನು ತೆರೆದಿಟ್ಟರೆ ಅದರ ಬಣ್ಣವೇ ತುರುಪು. ಜೊತೆಗಾರನಿಗೆ ಬಾಯಲ್ಲಾಗಲಿ ಕಣ್ಣಲ್ಲಾಗಲಿ ಸೂಚನೆ ಕೊಡುವಂತಿಲ್ಲವಾದ್ದರಿಂದ ಮೌನವು ಈ ಆಟದ ಅಲಂಕಾರವಲ್ಲ, ನಿಯಮ. ಆದ್ದರಿಂದಲೇ ಮೌನದ ಕತೆ ಅಷ್ಟು ಸಲೀಸಾಗಿ ಅಂಟಿಕೊಂಡಿತು. ಅದೇನು ಇಂದಿನವರು ಹಬ್ಬಿಸಿದ ಕತೆಯೂ ಅಲ್ಲ: 1674ರಲ್ಲಿ ಆಟಗಳ ಕೈಪಿಡಿ ಬರೆದ ಚಾರ್ಲ್ಸ್ ಕಾಟನ್, ಆಡುವಾಗ ಪಾಲಿಸಬೇಕಾದ ಮೌನದಿಂದಲೇ ಈ ಹೆಸರು ಬಂದಿದೆ ಎಂದು ಆಗಲೇ ಬರೆದಿದ್ದ. 1755ರ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಕೂಡ ಗಮನ ಮತ್ತು ಮೌನಗಳನ್ನು ಬೇಡುವ ಆಟವೆಂದೇ ಅರ್ಥ ಕೊಟ್ಟ. ತೊಡಕು ಎಲ್ಲಿದೆಯೆಂದರೆ, ಕಾಟನ್‌ಗಿಂತ ಅರ್ಧ ಶತಮಾನ ಮೊದಲೇ, 1621ರಲ್ಲಿ, ಜಾನ್ ಟೇಲರ್ ಎಂಬ ಕವಿ ಆಟಗಳ ಹೆಸರುಗಳನ್ನು ಹೇಳುವಾಗ ಬಳಸಿರುವುದು ‘ವಿಸ್ಟ್’ ಅಲ್ಲ, ‘ವಿಸ್ಕ್’. ಸರ್ರನೆ ಬಳಿಯುವುದಕ್ಕೆ, ಗುಡಿಸುವುದಕ್ಕೆ ಸಲ್ಲುವ ಪದವದು. ಗೆದ್ದವನು ಮೇಜಿನ ಮೇಲಿನ ಎಲೆಗಳನ್ನು ಬಳಿದುಕೊಳ್ಳುವುದರಿಂದ ಬಂದಿರಬಹುದೆಂದು ಊಹಿಸುತ್ತಾರೆ. ಆಟಕ್ಕೆ ಮೊದಲಿದ್ದ ಹೆಸರು ಈ ‘ವಿಸ್ಕ್’. ಮೌನದ ಪದ ಕಿವಿಗೆ ಹತ್ತಿರವಿದ್ದದ್ದರಿಂದ ಹೆಸರಿನ ಕೊನೆಯ ವ್ಯಂಜನ ಅದರ ಕಡೆಗೆ ವಾಲಿತು. ಹೆಸರಿಗೆ ಮೌನ ಮೂಲವಲ್ಲ, ತಿದ್ದುಪಡಿ. 1742ರಲ್ಲಿ ಎಡ್ಮಂಡ್ ಹೋಯ್ಲ್ ಈ ಆಟಕ್ಕೊಂದು ಕಿರುಗ್ರಂಥ ಬರೆಯುವ ಹೊತ್ತಿಗೆ ‘ವಿಸ್ಟ್’ ನೆಲೆನಿಂತಿತ್ತು, ಆದರೂ ಸಾಮಾನ್ಯರ ಬಾಯಲ್ಲಿ ‘ವಿಸ್ಕ್’ ಇನ್ನೂ ಉಳಿದಿದೆಯೆಂದು ಜಾನ್ಸನ್ ಸ್ವಲ್ಪ ಮೂಗು ಮುರಿದೇ ದಾಖಲಿಸಿದ.

‘ವಿಸ್ಟ್‌ಫುಲ್’ ಎಂಬುದನ್ನು ‘ಮೌನಭರಿತ’ ಎಂದು ಅನುವಾದಿಸುವವರಿಗೆ ಕೊನೆಯದಾಗಿ ಒಂದು ಮಾತು. ಅದರ ಕಾಗುಣಿತವೇ ಬೇರೆ, ಡಬ್ಲ್ಯೂ ಆದಮೇಲೆ ಎಚ್ ಇಲ್ಲ. ಇಂದಿನ ಅರ್ಥ ಕೈಗೆಟುಕದ್ದಕ್ಕಾಗಿ ಮಿಡಿಯುವ ಮೆಲ್ಲನೆಯ ಹಂಬಲ. ಆದರೆ ಹದಿನೇಳನೆಯ ಶತಮಾನದಲ್ಲಿ ಅದಕ್ಕಿದ್ದ ಅರ್ಥ ತದೇಕಚಿತ್ತ ಎಂಬುದು, ಮತ್ತು ಹಾಗೆ ಕಣ್ಣು ಕೀಲಿಸಿ ನೋಡುವುದನ್ನು ಹೇಳುತ್ತಿದ್ದ ‘ವಿಸ್ಟ್ಲಿ’ ಎಂಬ ಮರೆತುಹೋದ ಪದ ಸದ್ದಿಲ್ಲದೆ ಎಂಬರ್ಥದ, ಎಚ್ ಉಳ್ಳ ‘ವಿಸ್ಟ್ಲಿ’ಯ ಇನ್ನೊಂದು ರೂಪವಿರಬಹುದೆಂಬ ಊಹೆಯಿದೆ. ತಪ್ಪು ಅನುವಾದ ಮಾಡಿದವರು ಆ ಊಹೆಯನ್ನು ತಿಳಿದು ಮಾಡಿದವರಲ್ಲ ಎಂಬುದಷ್ಟೇ ನನ್ನ ತಕರಾರು.