ಪೆನ್‌ಡ್ರೈವಿಗೆ ಹೆಸರಿಡೋರು ಯಾರು?

ಲಿನಕ್ಸ್ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದ ಕೂಡಲೇ 'ಡೆವ್' ಅನ್ನೋ ಫೋಲ್ಡರಿನಲ್ಲಿ ಹೊಸ ಹೆಸರೊಂದು ಕಾಣಿಸುತ್ತದೆ. 'ಎಸ್‌ಡಿಬಿ' ಅಂತಲೋ 'ಎಸ್‌ಡಿಸಿ' ಅಂತಲೋ. ಆ ಹೆಸರಿಟ್ಟಿದ್ದು ಕರ್ನಲ್ಲಾ (ಇಡೀ ಯಂತ್ರವನ್ನು ನಡೆಸುವ ಲಿನಕ್ಸಿನ ತಿರುಳು), ಅದರ ಹೊರಗೆ ಓಡುವ ಇನ್ನೊಂದು ಪ್ರೋಗ್ರಾಮಾ? ಕೇಳೋಕೆ ಚಿಲ್ಲರೆ ವಿಷಯ, ಅಲ್ವಾ? ಇದಕ್ಕಾಗಿ ಲಿನಕ್ಸ್ ಬರೆಯುವವರು ವರ್ಷಗಟ್ಟಲೆ ಕಿತ್ತಾಡಿದ್ದಾರೆ.

ಡಿಸ್ಕು, ಪ್ರಿಂಟರು, ಕೀಬೋರ್ಡು ಎಲ್ಲವೂ ಫೈಲಿನ ಹಾಗೆ ಕಾಣಬೇಕು ಅನ್ನೋದು ಯುನಿಕ್ಸ್ ಕಾಲದಿಂದ ಬಂದ ಪದ್ಧತಿ. ಈ ಫೈಲುಗಳಲ್ಲಿ ಬರಹವೇನೂ ಇರುವುದಿಲ್ಲ, ಎರಡು ಸಂಖ್ಯೆ ಇರುತ್ತವೆ. ಮೇಜರ್ ಸಂಖ್ಯೆ ಯಾವ ಡ್ರೈವರ್, ಅಂದರೆ ಸಾಧನವನ್ನು ಓಡಿಸುವ ಕೋಡು ಯಾವುದು ಅಂತ ಹೇಳುತ್ತದೆ. ಮೈನರ್ ಸಂಖ್ಯೆ ಆ ಡ್ರೈವರಿನ ಕೈಕೆಳಗೆ ಎಷ್ಟನೆಯದು ಅಂತ. ಮೊದಲ ಡಿಸ್ಕಿಗೆ 8 ಮತ್ತು 0. ಹಳೇ ಲಿನಕ್ಸಿನಲ್ಲಿ ಒಂದೊಂದು ಸಂಖ್ಯೆಗೂ ಇದ್ದದ್ದು 8 ಬಿಟ್, ಅಂದರೆ 256 ಆಯ್ಕೆ. ಪಾರ್ಟಿಷನ್‌ಗಳೂ (ಡಿಸ್ಕಿನೊಳಗಿನ ಭಾಗಗಳು) ಸೇರಿ ಒಂದು ಡಿಸ್ಕಿಗೆ 16 ಮೈನರ್ ಮೀಸಲು. ಲೆಕ್ಕ ಹಾಕಿ: 16 ಡಿಸ್ಕಿಗೆ ಒಂದು ಮೇಜರ್ ಖಾಲಿ! ಸಾಲದ್ದಕ್ಕೆ, ಸಾಧನ ಇರಲಿ ಬಿಡಲಿ, ಫೈಲನ್ನು ಮೊದಲೇ ಮಾಡಿಟ್ಟಿರಬೇಕಿತ್ತು. ಹೀಗೆ ಸಾವಿರಾರು ಫೈಲುಗಳು ಸುಮ್ನೆ ಬಿದ್ದಿರುತ್ತಿದ್ದವು.

ಲಿನಕ್ಸ್ ಬರೆಯುವವರಲ್ಲೊಬ್ಬರಾದ ರಿಚರ್ಡ್ ಗೂಚ್ ಇದಕ್ಕೆ ಬರೆದ ಪರಿಹಾರ 'ಡೆವ್ಎಫ್ಎಸ್'. 2000ದಲ್ಲಿ ಅದು ಕರ್ನಲ್ಲಿಗೆ ಸೇರಿತು. ನಿಜವಾಗಿ ಇರುವ ಸಾಧನಕ್ಕಷ್ಟೇ ಕರ್ನಲ್ ತಾನೇ ಫೈಲ್ ಹುಟ್ಟಿಸುತ್ತದೆ. ನನಗಂತೂ ಇದು ಒಳ್ಳೇ ಯೋಚನೆ ಅನ್ನಿಸುತ್ತದೆ. ಆದರೆ ಅದು ಕೊಡುವ ಹೆಸರುಗಳೂ ಕರ್ನಲ್ಲಿನೊಳಗೇ ಬರೆದಿಟ್ಟವು. ಡಿಸ್ಕಿನ ಹೆಸರು 'ಹೋಸ್ಟ್ ಸೊನ್ನೆ, ಬಸ್ ಸೊನ್ನೆ, ಟಾರ್ಗೆಟ್ ಸೊನ್ನೆ' ಅಂತ ರೈಲಿನಷ್ಟು ಉದ್ದ. ಕೋಡಿನಲ್ಲಿ ತೊಡಕುಗಳೂ ಜಾಸ್ತಿ ಇದ್ದವು.

ಕರ್ನಲ್ ಬರೆಯುವ ಗ್ರೆಗ್ ಕ್ರೋ-ಹಾರ್ಟ್‌ಮನ್ ಮತ್ತಿತರರ ವಾದ ಬೇರೆ. ಕರ್ನಲ್ ಕೆಲಸ ಮಾಡಿಕೊಡಲಿ, ಯಾವುದನ್ನು ಏನಂತ ಕರೀಬೇಕು ಅನ್ನೋದು ಅದರ ಉಸಾಬರಿ ಅಲ್ಲ. ಎರಡು ಪ್ರಿಂಟರುಗಳಿವೆ ಅಂದುಕೊಳ್ಳಿ. ಇವತ್ತು ಮೊದಲು ಸಿಕ್ಕಿದ್ದು ನಾಳೆ ಎರಡನೆಯದಾಗಿ ಸಿಗಬಹುದು. ಸಿಕ್ಕ ಕ್ರಮದಲ್ಲಿ ಹೆಸರಿಟ್ಟರೆ ಬಣ್ಣದ ಪುಟ ಕಪ್ಪು-ಬಿಳುಪು ಪ್ರಿಂಟರಿಗೆ ಹೋಗುತ್ತದೆ. ಸೀರಿಯಲ್ ನಂಬರ್ ನೋಡಿ ಹೆಸರಿಡುವ ನಿಯಮ ಬಳಸುವವರ ಕೈಯಲ್ಲಿರಬೇಕು. 2003ರಲ್ಲಿ ಬಂದ 'ಯೂಡೆವ್' ಮಾಡಿದ್ದು ಇದನ್ನೇ. ಸಾಧನ ಬಂದಾಗ ಕರ್ನಲ್ ಬರೀ ಸುದ್ದಿ ಕೊಡುತ್ತದೆ, ವಿವರವನ್ನು 'ಸಿಸ್‌ಎಫ್ಎಸ್' ಅನ್ನೋ ಇನ್ನೊಂದು ಫೋಲ್ಡರಿನಲ್ಲಿ ತೆರೆದಿಡುತ್ತದೆ. ಉಳಿದದ್ದು ಹೊರಗಿನ ಪ್ರೋಗ್ರಾಮಿನ ಪಾಲು. ಡೆವ್ಎಫ್ಎಸ್ 2006ರಲ್ಲಿ ಪೂರ್ತಿ ಹೊರಬಿತ್ತು.

ಅಲ್ಲಿಗೆ ಮುಗಿಯಲಿಲ್ಲ. ಕಂಪ್ಯೂಟರ್ ಶುರುವಾಗುವಾಗ ಯೂಡೆವ್ ಏಳುವ ತನಕ ಡಿಸ್ಕಿನ ಫೈಲೇ ಇಲ್ಲ. ಅದು ಎದ್ದ ಮೇಲೂ ಎಲ್ಲ ಸಾಧನಗಳನ್ನು ಒಂದೊಂದಾಗಿ ನೋಡಬೇಕು. ಅದಕ್ಕೇ 2009ರಲ್ಲಿ 'ಡೆವ್‌ಟೆಂಪ್ಎಫ್ಎಸ್' ಬಂತು. ಫೈಲ್ ಹುಟ್ಟಿಸುವ ಕೆಲಸ ಮತ್ತೆ ಕರ್ನಲ್ಲಿಗೇ! ಓಡಿಸಿದ ಡೆವ್ಎಫ್ಎಸ್ಸನ್ನೇ ಹಿತ್ತಿಲ ಬಾಗಿಲಿನಿಂದ ಕರೆತಂದ ಹಾಗೆ. ಒಂದು ವ್ಯತ್ಯಾಸ ಇದೆ. ಈ ಸಲ ಕೋಡು ತುಂಬ ಚಿಕ್ಕದು, ಹೆಸರುಗಳೂ ಚಿಕ್ಕವು. ಯಾರಿಗೆ ಬಳಸಲು ಅನುಮತಿ ಅನ್ನೋದನ್ನು ಯೂಡೆವ್ ಆಮೇಲೆ ನೋಡಿಕೊಳ್ಳುತ್ತದೆ.

ಈಗ ಯೂಡೆವ್ ಕರ್ನಲ್ ಕೊಟ್ಟ 'ಎಸ್‌ಡಿಬಿ'ಯನ್ನು ಮುಟ್ಟುವುದೇ ಇಲ್ಲ. ಅದೇ ಪೆನ್‌ಡ್ರೈವಿಗೆ ಸೀರಿಯಲ್ ನಂಬರಿನ ಮೇಲೊಂದು, ಚುಚ್ಚಿದ ಜಾಗದ ಮೇಲೊಂದು ಅಂತ ಅಡ್ಡಹೆಸರುಗಳನ್ನು ಪಕ್ಕದಲ್ಲಿ ಇಟ್ಟು ಸುಮ್ಮನಾಗುತ್ತದೆ. ನೆಟ್‌ವರ್ಕ್ ಕಾರ್ಡಿನ ಹೆಸರನ್ನು ಮಾತ್ರ ಈಗಲೂ ಬದಲಿಸುತ್ತದೆ. ಅದಕ್ಕೆ ಡೆವ್ ಫೋಲ್ಡರಿನಲ್ಲಿ ಫೈಲೇ ಇಲ್ಲ, ಅಡ್ಡಹೆಸರು ಅಂಟಿಸುವುದಾದರೂ ಎಲ್ಲಿ?