ರಸ್ತೆ ಮೂಲೆಯ ತಿರುವೂ ವೈದ್ಯಕೀಯ ವಿಷಯವೇ

1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ತಾಳಲಾರದೆ ಬ್ರಿಟನ್ನಿನ ಸಂಸತ್ತು ಲಂಡನ್ನಿನ ಒಳಚರಂಡಿಗೆ ದಾರಿ ಮಾಡಿಕೊಟ್ಟಿತು. ಕೆಟ್ಟ ವಾಸನೆಯೇ ರೋಗ ತರುತ್ತದೆ ಎಂಬುದು ಆಗಿನ ನಂಬಿಕೆ. ಕಾಲರಾ ಹರಡುವುದು ನೀರಿನಿಂದ ಎಂದು ವೈದ್ಯ ಜಾನ್ ಸ್ನೋ 1854ರಲ್ಲೇ ತೋರಿಸಿದ್ದರೂ ಹೆಚ್ಚಿನವರು ಒಪ್ಪಿರಲಿಲ್ಲ. ಕಾರಣ ತಪ್ಪು, ಕಾಮಗಾರಿ ಮಾತ್ರ ಸರಿ! 1866ರಲ್ಲಿ ಅಲ್ಲಿ ಕೊನೆಯ ಬಾರಿ ಕಾಲರಾ ಕಾಡಿದ್ದು ಹೊಸ ಚರಂಡಿ ಜಾಲ ಇನ್ನೂ ಪೂರ್ತಿಯಾಗದಿದ್ದ ಪೂರ್ವ ಭಾಗವನ್ನು.

ಆ ಗೆಲುವಿನ ನಂತರ ರಸ್ತೆ ಎಂಜಿನಿಯರುಗಳ ಪಾಲಾಯಿತು, ರೋಗ ವೈದ್ಯರ ಪಾಲಾಯಿತು. ಈಗಿನ ಹೃದ್ರೋಗ, ಮಧುಮೇಹ, ಆಸ್ತಮಾಗಳಿಗೆ ಆ ಗಡಿ ತಿಳಿಯದು.

1953ರಲ್ಲಿ ಬ್ರಿಟನ್ನಿನ ವೈದ್ಯ-ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಬಸ್ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕೂತಿರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನಲ್ಲಿ ಹತ್ತಿಳಿಯುವ ನಿರ್ವಾಹಕರಿಗೆ ಹೃದ್ರೋಗ ಕಡಿಮೆ. ಚಾಲಕರ ಸಮವಸ್ತ್ರದ ಸೊಂಟದಳತೆ ಮೊದಲಿನಿಂದಲೂ ದೊಡ್ಡದಿತ್ತೆಂಬುದನ್ನೂ ಮಾರಿಸ್ ಆಮೇಲೆ ಬರೆದರು, ಅಂದರೆ ವ್ಯತ್ಯಾಸಕ್ಕೆ ಮೆಟ್ಟಿಲೊಂದೇ ಕಾರಣವಲ್ಲ. ಆದರೂ ದೈನಂದಿನ ಓಡಾಟ ಹೃದಯವನ್ನು ಕಾಯುತ್ತದೆ ಎಂಬುದನ್ನು ಮುಂದಿನ ಅಧ್ಯಯನಗಳು ಮತ್ತೆಮತ್ತೆ ದೃಢಪಡಿಸಿವೆ. ಶಾಲೆ, ಅಂಗಡಿ, ಬಸ್ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರವಿದ್ದರೆ ವ್ಯಾಯಾಮಕ್ಕೆಂದು ಯಾರೂ ಬೇರೆ ಸಮಯ ಹುಡುಕಬೇಕಿಲ್ಲ.

ನಡೆಯಲು ಧೈರ್ಯವೂ ಬೇಕು. ಎರಡು ರಸ್ತೆ ಕೂಡುವ ಮೂಲೆಯನ್ನು ನಕ್ಷೆಯಲ್ಲಿ ದೊಡ್ಡ ಕಮಾನಿನಂತೆ ಬಳಸಿ ಬರೆದರೆ ವಾಹನ ವೇಗ ತಗ್ಗಿಸದೆಯೇ ತಿರುಗುತ್ತದೆ, ದಾಟುವವರ ದಾರಿಯೂ ಉದ್ದವಾಗುತ್ತದೆ. ತಿರುವು ಬಿಗಿಯಾಗಿದ್ದರೆ ಚಾಲಕ ಬ್ರೇಕ್ ಒತ್ತಲೇಬೇಕು. ಗಂಟೆಗೆ 50 ಕಿ.ಮೀ. ವೇಗದ ವಾಹನದ ಚಲನಶಕ್ತಿ 30 ಕಿ.ಮೀ. ವೇಗದಲ್ಲಿರುವುದರ ಸುಮಾರು 2.8 ಪಟ್ಟು. ಗುದ್ದಿದರೆ ಪೆಟ್ಟು ತಿನ್ನುವುದು ಮನುಷ್ಯನ ಮೈ. ಬರೀ ವೇಗಮಿತಿಯ ಫಲಕ ನೆಟ್ಟು, ರಸ್ತೆಯನ್ನು ಓಟದ ಮೈದಾನದಷ್ಟು ಅಗಲವಾಗಿಡುವುದು ನನ್ನ ಮಟ್ಟಿಗೆ ಕಣ್ಣೊರೆಸುವ ಕೆಲಸ.

ಎಲ್ಲವೂ ಇಷ್ಟು ಸಲೀಸಲ್ಲ. ಮನೆಗಳನ್ನು ಒತ್ತೊತ್ತಾಗಿ ಕಟ್ಟಿದರೆ ನಡಿಗೆ ಹೆಚ್ಚೀತು, ಆದರೆ ಅವು ಹೆದ್ದಾರಿಯ ಪಕ್ಕದಲ್ಲಿದ್ದರೆ ಹೊಗೆಯೂ ಹೆಚ್ಚೀತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ ಪ್ರಕಾರ ಗಾಳಿಯಲ್ಲಿ ಅತಿಸೂಕ್ಷ್ಮ ಕಣಗಳ (ಪಿಎಂ 2.5) ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದು. ಜಗತ್ತಿನ ಹೆಚ್ಚಿನ ನಗರಗಳು ಈ ಮಿತಿಯನ್ನು ಮೀರಿವೆ. ಇನ್ನು ಉದ್ಯಾನ ಬಂದ ಕಡೆ ಬಾಡಿಗೆ ಏರಿ, ಅದರ ನೆರಳು ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಗಂಟುಮೂಟೆ ಕಟ್ಟಬೇಕಾಗುವುದೂ ಉಂಟು.

ಇಂಥ ಜಗ್ಗಾಟಗಳನ್ನು ಮೊದಲೇ ತೂಗಿ ನೋಡಲೆಂದೇ ಆರೋಗ್ಯ ಪರಿಣಾಮ ಮೌಲ್ಯಮಾಪನ ಎಂಬ ವಿಧಾನವಿದೆ. ಟೆಂಡರ್ ಮುಗಿದ ಮೇಲೆ ಮಾಡಿದರೆ ಅದು ಕಡತಕ್ಕೆ ಇನ್ನೊಂದು ಹಾಳೆ, ಅಷ್ಟೆ. ಮರಗಳದೇ ಉದಾಹರಣೆ ನೋಡಿ: ಬೇರಿಗೆ ಎಷ್ಟು ಮಣ್ಣು ಬೇಕೆಂದು ಕೊಳವೆ, ಕೇಬಲ್ ಹೂಳುವ ಮೊದಲೇ ಗೊತ್ತುಮಾಡಬೇಕು. ಅವು ಪಾದಚಾರಿ ಮಾರ್ಗದ ಅಡಿಯನ್ನೆಲ್ಲ ಹಿಡಿದ ಮೇಲೆ ಅಲ್ಲಿ ನೆಟ್ಟ ಸಸಿ ನೆರಳು ಕೊಡುವಷ್ಟು ಬೆಳೆಯುವುದು ಕಷ್ಟ.